ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಿದರೆ ಗಿಟ್ಟುತ್ತದೆಯೇ?

ನಮ್ಮದು ಹನೂರು ಸೀಮೆಯ ಮಳೆ ನಂಬಿದ ಹೊಲ. ಐದು ಎಕರೆ. ಮುಸುಕಿನ ಜೋಳ, ಕಡಲೆಕಾಯಿ, ರಾಗಿ, ರಾಗಿ ಸಾಲಿನ ನಡುವೆ ಅವರೆ, ತೊಗರಿ. ಮೂಡಲ ಬದು ದಾಟಿದರೆ ಕಾಡು. ಕಡಲೆಕಾಯಿ ಕಾಯಿ ಕಟ್ಟಿದ ವಾರದಿಂದ ಕೀಳುವ ತನಕ, ಜೋಳಕ್ಕೆ ಹಾಲು ತುಂಬಿದ ದಿನದಿಂದ ಮುರಿಯುವ ತನಕ ನಮ್ಮ ನಿದ್ದೆಯೆಲ್ಲ ಹಂದಿಗಳ ಪಾಲು. ಬೆಳೆ ಕಾಯಲೆಂದೇ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ 12 ಬೋರ್ ತೋಟಾ ಬಂದೂಕು ನನ್ನಲ್ಲಿದೆ. ಅಪ್ಪನ ಕಾಲದಲ್ಲಿ ಕೇಪಿನ ಬಂದೂಕು ಇತ್ತು. ಅದರ ಮಾತು ಮುಂದೆ ಬರುತ್ತದೆ.

2021ರ ಲಾಕ್‌ಡೌನ್ ಮುಗಿದ ಮೇಲೆ ತೋಟಾ ತರಲು ಪೇಟೆಗೆ ಹೋದೆ. ಅಂಗಡಿ ತೆರೆದಿತ್ತು, ತೋಟಾ ಇರಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ, ಆಗಲೂ ಇಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಎರಡೂ ಸಲ ದಂಡ. ಮನೆಯಲ್ಲಿ ಉಳಿದಿದ್ದು ಒಂಬತ್ತು ತೋಟಾ. ಆದರೆ ಹಾರಿಸಿದ ಖಾಲಿ ತೋಟಾ ಒಂದು ಡಾಲ್ಡಾ ಡಬ್ಬದ ತುಂಬ ಇತ್ತು. ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ಬೇಕು ಅಂತ ನಾನು ಅವನ್ನು ಎಸೆಯುವುದಿಲ್ಲ. ಆ ಡಬ್ಬ ನೋಡಿದಾಗ ಅನ್ನಿಸಿತು: ತಳದ ಹಿತ್ತಾಳೆ ಗಟ್ಟಿಯಾಗಿದೆ, ಮೇಲಿನ ಕೊಳವೆ ಸೀಳಿಲ್ಲ, ಇದಕ್ಕೇ ಮತ್ತೆ ಮದ್ದು ತುಂಬಬಾರದೇಕೆ? ನಮ್ಮೂರಲ್ಲಿ ಬಂದೂಕು ಇರುವ ಇನ್ನಿಬ್ಬರೂ ಇದನ್ನೇ ಕೇಳಿದರು. ಆ ವರ್ಷ ಇದನ್ನು ವಿಚಾರಿಸಿ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೋಟಾದ ಒಳಗೆ ಏನೇನಿದೆ ನೋಡಿ. ಹೊರಗೆ ಪ್ಲಾಸ್ಟಿಕ್ ಅಥವಾ ದಪ್ಪ ಕಾಗದದ ಕೊಳವೆ, ತಳದಲ್ಲಿ ಹಿತ್ತಾಳೆ ಬಿಲ್ಲೆ. ಬಿಲ್ಲೆಯ ನಡುವೆ ಚಿಕ್ಕ ಕೇಪು. ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿರಡೆ, ಬಿರಡೆಯ ಮೇಲೆ ಸೀಸದ ಚರೆ, ಬಾಯಿ ಮಡಚಿದೆ. ಕುದುರೆ ಎಳೆದರೆ ಸೂಜಿ ಕೇಪನ್ನು ಕುಟ್ಟುತ್ತದೆ, ಕೇಪಿನ ಕಿಡಿ ಮದ್ದಿಗೆ ಹೋಗುತ್ತದೆ. ಹಾರಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಕೊಳವೆ ಮತ್ತು ಬಿಲ್ಲೆ ಮಾತ್ರ. ಐದು ವಸ್ತುವಿನಲ್ಲಿ ನಾಲ್ಕು ಖರ್ಚಾಗಿರುತ್ತದೆ. ಡಬ್ಬದ ತುಂಬ ಖಾಲಿ ತೋಟಾ ಇದೆ ಅಂದರೆ ಕೂರಿಗೆ ಇದೆ, ಎತ್ತಿದೆ, ಬೀಜ ಇಲ್ಲ ಎಂದ ಹಾಗೆ.

ಹೀಗೆ ಮನೆಯಲ್ಲೇ ತೋಟಾ ತುಂಬುವುದು ರೂಢಿಯಲ್ಲಿರುವುದು ಅಮೆರಿಕದಲ್ಲಿ. ನಮ್ಮ ಅಕ್ಕನ ಮಗ ಟೆಕ್ಸಾಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಈ ಪೇಚಾಟ ಹೇಳಿದಾಗ, "ಮಾವ, ನಮ್ಮ ಪಕ್ಕದ ಮನೆಯ ಮುದುಕ ಇದನ್ನೇ ಮಾಡೋದು, ನೋಡಿ" ಅಂತ ಅವರ ಕೊಟ್ಟಿಗೆಗೇ ಹೋಗಿ ಫೋನಿನಲ್ಲಿ ತೋರಿಸಿದ. ಅವರೂ ರೈತರು. ಟೆಕ್ಸಾಸಿನಲ್ಲೂ ಮಳೆ ನಂಬಿದ ಜಮೀನು ಬೇಕಾದಷ್ಟಿದೆ. ಹತ್ತಿ, ಜೋಳ, ಕಡಲೆಕಾಯಿ ಬೆಳೆಯುತ್ತಾರೆ. ಅಲ್ಲೂ ಹಂದಿ ಕಾಟ! ಹಿಂದೆ ಯುರೋಪಿನವರು ಸಾಕಲು ತಂದ ಹಂದಿ ತಪ್ಪಿಸಿಕೊಂಡು ಕಾಡುಪಾಲಾಗಿ ಬೆಳೆದ ಸಂತಾನ ಅದು. ಅದಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇಲ್ಲ. ಜಮೀನಿನವನ ಒಪ್ಪಿಗೆ ಇದ್ದರೆ 2019ರಿಂದ ಬೇಟೆ ಲೈಸೆನ್ಸೂ ಬೇಕಿಲ್ಲ.

ಆ ಮುದುಕರ ಮೇಜಿನ ಮೇಲೆ ಮೀಟುಗೋಲು ಇರುವ ಒತ್ತು ಯಂತ್ರ, ಚಿನ್ನ ತೂಗುವಂಥ ಸಣ್ಣ ತಕ್ಕಡಿ, ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂದು ಅಚ್ಚು ಮಾಡಿದ ಪುಸ್ತಕ. ಅವರು ತುಂಬುವುದು ರೈಫಲ್ ತೋಟಾ. ಅದರ ಕೊಳವೆ ಪೂರ್ತಿ ಹಿತ್ತಾಳೆ, ಇಡೀ ತೋಟಾದಲ್ಲಿ ಬೆಲೆ ಬಾಳುವ ಭಾಗವೇ ಅದು. ಜೋಪಾನ ಮಾಡಿದರೆ ಐದರಿಂದ ಹತ್ತು ಸಲ ತುಂಬಬಹುದು. ಹಳೆ ಕೇಪು ತಳ್ಳಿ ತೆಗೆದು, ಕೊಳವೆಯನ್ನು ಅಳತೆಗೆ ಒತ್ತಿ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಕೂರಿಸುತ್ತಾರೆ. ಸಾದಾ ಯಂತ್ರದಲ್ಲಿ ಗಂಟೆಗೆ ಐವತ್ತರ ಸುಮಾರು ಆಗುತ್ತದಂತೆ. ಒಂದು ಪೌಂಡ್ ಮದ್ದಿಗೆ ದೊಡ್ಡ ರೈಫಲ್ ಗುಂಡು 150ರ ಆಸುಪಾಸು. ಇವರು ಹಂದಿಗಲ್ಲದೆ ಗುರಿ ಅಭ್ಯಾಸಕ್ಕೂ ವರ್ಷಕ್ಕೆ ಸಾವಿರಾರು ಹಾರಿಸುವವರು. ಅಷ್ಟು ಹಾರಿಸುವವರಿಗೆ ಯಂತ್ರದ ದುಡ್ಡು ಬೇಗ ಹುಟ್ಟುತ್ತದೆ. ನಮ್ಮ 12 ಬೋರಿನಂಥ ಚರೆ ತೋಟಾಕ್ಕೆ ಅಲ್ಲೂ ಉಳಿತಾಯ ಅಷ್ಟಕ್ಕಷ್ಟೇ. ಒಂದೊಂದಕ್ಕೂ 30 ಗ್ರಾಂ ಮೇಲ್ಪಟ್ಟು ಸೀಸ ಬೇಕು, ಆ ದುಡ್ಡು ಪ್ರತಿ ಸಲ ಖರ್ಚೇ. ಕಾರ್ಖಾನೆಯ ಸಾದಾ ಚರೆ ತೋಟಾ ಅಗ್ಗವಾಗಿಯೇ ಸಿಗುತ್ತದೆ.

ಇನ್ನು ಅಭಾವದ ಮಾತು. 2020ರಲ್ಲಿ ಕೊರೊನಾ, ಗಲಭೆ, ಚುನಾವಣೆ ಎಲ್ಲ ಒಟ್ಟಿಗೆ ಬಂದು ಅಮೆರಿಕದಲ್ಲಿ ಲಕ್ಷಾಂತರ ಜನ ಹೊಸದಾಗಿ ಬಂದೂಕು ಕೊಂಡರು. ಅಂಗಡಿಯಲ್ಲಿ ತೋಟಾ ಖಾಲಿ. "ನಾವೇ ತುಂಬಿಕೊಳ್ಳೋಣ" ಎಂದು ಜನ ಯಂತ್ರ ಕೊಳ್ಳಲು ನುಗ್ಗಿದರು. ಯಂತ್ರ ಹೇಗೋ ಸಿಕ್ಕಿತು, ಕೇಪು ಸಿಗಲಿಲ್ಲ. ಯಾಕೆ ಅಂದರೆ ಕೇಪು ಮಾಡುವ ಕಾರ್ಖಾನೆ ಅಲ್ಲೂ ಬೆರಳೆಣಿಕೆ. ಅವರೇ ತೋಟಾ ಮಾಡುವವರೂ ಹೌದು. ತೋಟಾಕ್ಕೆ ಗಿರಾಕಿ ಹೆಚ್ಚಾದಾಗ ಕೇಪನ್ನು ಮೊದಲು ತಮ್ಮ ತೋಟಾಕ್ಕೆ ಹಾಕಿಕೊಂಡರು. ಬಿಡಿಯಾಗಿ ಮಾರಲು ಉಳಿದಿದ್ದು ಸ್ವಲ್ಪ. ಮುಂಚೆ ಒಂದಕ್ಕೆ ಮೂರು ನಾಲ್ಕು ಸೆಂಟು ಇದ್ದ ಕೇಪು 2021ರಲ್ಲಿ ಹತ್ತು ಸೆಂಟು ದಾಟಿತು. ಅದೂ ಸಿಕ್ಕವರಿಗೆ.

ನನಗೆ ಇಲ್ಲೇ ಕಣ್ಣು ತೆರೆದದ್ದು. ತೋಟಾ ಅಭಾವ, ಕೇಪಿನ ಅಭಾವ ಎರಡೂ ಒಂದೇ ಬಾವಿಯ ನೀರು. ಬಾವಿ ಬತ್ತಿದಾಗ ಕೊಡ ಬದಲಾಯಿಸಿದರೆ ನೀರು ಬರುವುದಿಲ್ಲ. ಆ ಮುದುಕರು ನಿಶ್ಚಿಂತೆಯಾಗಿದ್ದರು, ನಿಜ. ಆದರೆ ಅದು ಯಂತ್ರದಿಂದಲ್ಲ. ಸುಗ್ಗಿಯಲ್ಲಿ ಬೀಜದ ರಾಗಿ ಎತ್ತಿಟ್ಟ ಹಾಗೆ, ಅಗ್ಗ ಇದ್ದ ಕಾಲದಲ್ಲೇ ಐದಾರು ವರ್ಷಕ್ಕಾಗುವಷ್ಟು ಕೇಪು ಕೊಂಡಿಟ್ಟಿದ್ದರು. ಅಭಾವ ಬಂದ ಮೇಲೆ ಯಂತ್ರ ಕೊಂಡವರು ಯಂತ್ರ ನೋಡುತ್ತಾ ಕೂತರು. ಆಮೇಲೆ ಕೇಪು ನಿಧಾನಕ್ಕೆ ಬರುವ ಹೊತ್ತಿಗೆ, 2022ರ ಉಕ್ರೇನ್ ಯುದ್ಧದಿಂದ ಮದ್ದಿಗೂ ಎಳೆದಾಟ ಶುರುವಾಯಿತು. ಹೊಗೆ ಇಲ್ಲದ ಮದ್ದಿನ ಮೂಲ ಏನು ಗೊತ್ತೇ? ಹತ್ತಿ! ಜಿನ್ನಿನಲ್ಲಿ ಅರಳೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿರುವ ತುಂಡು ನವಿರು ಇದೆಯಲ್ಲ, ಅದರಿಂದ ನೈಟ್ರೋಸೆಲ್ಯುಲೋಸ್ ಮಾಡುತ್ತಾರೆ. ಫಿರಂಗಿಗೂ ಅದೇ, ತೋಟಾಕ್ಕೂ ಅದೇ. ಫಿರಂಗಿ ಕೇಳಿದಾಗ ಹಂದಿ ಕಾಯುವವನ ಪಾಲಿಗೆ ಏನು ಉಳಿದೀತು?

ಈಗ ನಮ್ಮ ಲೆಕ್ಕ. ನಾನು ಪುಸ್ತಕದಲ್ಲಿ ಬರೆದಿಟ್ಟ ಹಾಗೆ 2019ರಲ್ಲಿ ಹಾರಿಸಿದ್ದು 14 ತೋಟಾ, 2020ರಲ್ಲಿ 17. ಯಂತ್ರ, ತಕ್ಕಡಿ, ಕೇಪು, ಮದ್ದು ಎಲ್ಲ ಸಿಗುತ್ತದೆ ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ ಹದಿನೈದು ತೋಟಾಕ್ಕೆ ಆ ಬಂಡವಾಳ ನನ್ನ ಕಾಲಕ್ಕಂತೂ ಹುಟ್ಟುವುದಿಲ್ಲ. ಮೊಮ್ಮಗನ ಕಾಲಕ್ಕೂ ಅನುಮಾನವೇ.

ಲೆಕ್ಕಕ್ಕಿಂತ ದೊಡ್ಡದು ಕಾನೂನು. ನಮ್ಮ ಕೈಯಲ್ಲಿರುವುದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಇಲ್ಲದೆ ತಯಾರಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಆದ ಮೇಲೆ ಏಳು ವರ್ಷಕ್ಕೆ ಕಡಿಮೆ ಇಲ್ಲದ ಸಜೆ. ಅಂಗಡಿಯವರನ್ನು ಮೆಲ್ಲಗೆ ಕೇಳಿದ್ದಕ್ಕೆ, "ಗೌಡ್ರೇ, ಆ ಡಬ್ಬ ಆಡಲು ಮಕ್ಕಳಿಗೂ ಕೊಡಬೇಡಿ, ಈ ಮಾತು ಇನ್ನೆಲ್ಲೂ ಆಡಬೇಡಿ" ಅಂದರು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಕೊಲ್ಲಬಹುದು ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ. ನಾವು ಹಾರಿಸುವ ಈಡು ಹೆಚ್ಚಿನಂಶ ಸದ್ದಿಗೇ.

ಹಾಗಾದರೆ ಕೇಪಿನ ಬಂದೂಕಿನವರು? ಅವರು ಪ್ರತಿ ಈಡಿಗೂ ತಾವೇ ತುಂಬುವವರು, ಲೈಸೆನ್ಸೇ ಹಾಗಿದೆ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ನಾರು ಒತ್ತಿ, ಚರೆ ಹಾಕಿ, ಮತ್ತೆ ನಾರು ಒತ್ತಿ, ಹಿಂದೆ ಕೇಪು ಇಡುತ್ತಾರೆ. ಅವರಿಗೆ ಅಭಾವ ತಟ್ಟುವುದಿಲ್ಲ ಎಂದು ನಾನು ತಿಳಿದಿದ್ದೆ. 2021ರಲ್ಲಿ ನಮ್ಮೂರ ಕೇಪಿನ ಬಂದೂಕಿನವರ ಪಾಡು ನನಗಿಂತ ಕಡೆ. ಮದ್ದು ಒಂದು ಡಬ್ಬಿ ಇತ್ತು, ಕೇಪು ಒಂದೂ ಇರಲಿಲ್ಲ. ಕೇಪಿಲ್ಲದ ಮದ್ದು ಬರೀ ಮಸಿ.

ಇಂಥ ಹೊತ್ತಿನಲ್ಲೇ ಕೈ ತಪ್ಪು ಮಾಡುವುದು. ಕೇಪಿಲ್ಲವೆಂದು ಬೆಂಕಿಕಡ್ಡಿ ಮದ್ದಿನ ಸಾಹಸ ಮಾಡುವವರಿದ್ದಾರೆ. ಚರೆ ಇಲ್ಲವೆಂದು ಸೈಕಲ್ ಬಾಲ್ಸು, ಮೊಳೆ ತುಂಡು ಹಾಕುವವರಿದ್ದಾರೆ. ಸೀಸ ಮೆತ್ತಗೆ, ಉಕ್ಕು ನಳಿಗೆಯ ಒಳಮೈಯನ್ನೇ ಕೆರೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಬಂದೂಕಿಗೆ ಸುರಿಯುವುದು. ಕರಿಮದ್ದಿಗೆ ಮಾಡಿದ ನಳಿಗೆ ಅದರ ಒತ್ತಡ ತಡೆಯದೆ ಒಡೆಯುತ್ತದೆ. ಒಡೆಯುವ ಜಾಗ ನಿಮ್ಮ ಎಡಗೈ ಇರುವಲ್ಲಿ, ಕಣ್ಣಿನ ಮುಂದೆ.

ನಮ್ಮ ದೊಡ್ಡಪ್ಪನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ನಾನಾಗ ಆರನೇ ಕ್ಲಾಸು. ರಾಗಿ ಕಾಯುವಾಗ ಸಂಜೆ ಒಂದು ಈಡು ತುಂಬಿಟ್ಟು, ಹಂದಿ ಬರದೆ, ಹಾಗೇ ಮಲಗಿದರು. ನಡುರಾತ್ರಿ ನಾಯಿ ಬೊಗಳಿದಾಗ ಎದ್ದು, ತುಂಬಿದ್ದು ಮರೆತು, ಅದರ ಮೇಲೆ ಇನ್ನೊಂದು ಈಡು ತುಂಬಿದರು. ಸದ್ದು ನಮ್ಮ ಮನೆತನಕ ಕೇಳಿಸಿತು. ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ದರು, ದಾರಿಯುದ್ದಕ್ಕೂ ಅಪ್ಪ ಅವರ ಕೈಗೆ ಪಂಚೆ ಸುತ್ತಿ ಹಿಡಿದಿದ್ದರು. ಅದಾದ ಮೇಲೆ ಅಪ್ಪ ಗಜಕಡ್ಡಿಗೆ ಚಾಕುವಿನಿಂದ ಒಂದು ಗೀರು ಹಾಕಿದರು. ಖಾಲಿ ನಳಿಗೆಗೆ ಕಡ್ಡಿ ಬಿಟ್ಟರೆ ಗೀರು ಬಾಯಿಗೆ ಸರಿಯಾಗಿ ನಿಲ್ಲಬೇಕು. ಗೀರು ಮೇಲೆ ಉಳಿದರೆ ಒಳಗೆ ಈಡು ಇದೆ. ಕೇಪಿನ ಬಂದೂಕು ಇರುವವರು ಈ ಗೀರು ಇವತ್ತೇ ಹಾಕಿ, ಕತ್ತಲಲ್ಲಿ ಬೆರಳಿಗೆ ತಾಗುವಷ್ಟು ಆಳವಾಗಿ.

2021ರ ಆ ಹಂಗಾಮು ಒಂಬತ್ತು ತೋಟಾದಲ್ಲಿ ಹೇಗೆ ಕಳೆಯಿತು? ನಾಲ್ಕು ಹೊಲದವರು ಸೇರಿ ಸರದಿ ಮಾಡಿಕೊಂಡೆವು. ಎರಡು ಅಟ್ಟಣೆ, ಒಬ್ಬೊಬ್ಬರಿಗೆ ವಾರದಲ್ಲಿ ಎರಡು ರಾತ್ರಿಯಂತೆ ಕಾವಲು. ಮೊದಲು ಬ್ಯಾಟರಿ ಬೆಳಕು, ಕೂಗು, ತಗಡಿನ ಡಬ್ಬ, ನಾಯಿ. ಹಂದಿ ಹೊಲದೊಳಗೆ ನಿಂತೇಬಿಟ್ಟರೆ ಮಾತ್ರ ಒಂದು ಈಡು, ಆಕಾಶಕ್ಕೆ. ದಿನಾ ಸದ್ದು ಮಾಡಿದರೆ ಹಂದಿಗೆ ರೂಢಿಯಾಗುತ್ತದೆ, ಅಪರೂಪಕ್ಕೆ ಮಾಡಿದ್ದಕ್ಕೋ ಏನೋ ಹಾರಿಸಿದ ರಾತ್ರಿಯ ನಂತರ ನಾಲ್ಕೈದು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಹಾಗೆಂದು ಪೂರ್ತಿ ಉಳಿಯಿತು ಅಂತಲ್ಲ. ಮಳೆ ಹಿಡಿದ ಎರಡು ರಾತ್ರಿ ಯಾರೂ ಹೋಗಲಿಲ್ಲ, ನನ್ನ ಕಡಲೆಕಾಯಿಯಲ್ಲಿ ಹತ್ತು ಗುಂಟೆ ನೆಲ ಉತ್ತ ಹಾಗೆ ಆಗಿತ್ತು. ಹಂಗಾಮು ಮುಗಿದಾಗ ಖರ್ಚಾಗಿದ್ದು ಐದು ತೋಟಾ.

ಈಗ ನಾನು ಮಾಡುವುದು ಆ ಮುದುಕರ ಉಪಾಯದಲ್ಲಿ ನಮಗೆ ಒಗ್ಗುವಷ್ಟು. ಲೈಸೆನ್ಸ್ ಪುಸ್ತಕದಲ್ಲಿ ಒಮ್ಮೆಗೆ ಎಷ್ಟು ಇಡಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಬರೆದಿರುತ್ತದೆ. ನಮ್ಮಲ್ಲಿ ಅನೇಕರು ಅದನ್ನು ನೋಡಿಯೇ ಇರುವುದಿಲ್ಲ. ಕಾಯಿ ಕಟ್ಟುವ ಕಾಲಕ್ಕೆ ಓಡುವ ಬದಲು ಮಾಗಿಯಲ್ಲಿ, ಕೈಯಲ್ಲಿ ಎರಡು ಕಾಸು ಇದ್ದಾಗಲೇ ಆ ಮಿತಿಯೊಳಗೆ ತರುತ್ತೇನೆ. ಪೆಟ್ಟಿಗೆ ಮೇಲೆ ತಂದ ವರ್ಷ ಬರೆದು ಹಳೆಯದನ್ನು ಮೊದಲು ಬಳಸುತ್ತೇನೆ. ಒಲೆ ಮೇಲಿನ ಅಟ್ಟದಲ್ಲಿ ಇಡಬಾರದು, ಕಾವು ಮದ್ದನ್ನು ಕೆಡಿಸುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ, ಬೀಗದೊಳಗೆ, ಬಂದೂಕಿನಿಂದ ಬೇರೆಯಾಗಿ ಇಡಬೇಕು. ಬಂದೂಕಿಗೆ ಎಣ್ಣೆ ಹಚ್ಚಿದ ಕೈಯಲ್ಲಿ ತೋಟಾ ಮುಟ್ಟಬೇಡಿ, ಎಣ್ಣೆ ಒಳಗಿಳಿದರೆ ಕೇಪು ಸಾಯುತ್ತದೆ.

ತಂಡಿ ಹಿಡಿದು ಉಬ್ಬಿದ ಕಾಗದದ ತೋಟಾವನ್ನು ಒತ್ತಿ ತುರುಕಬೇಡಿ. ಕುದುರೆ ಎಳೆದರೂ ಹಾರದಿದ್ದರೆ ತಕ್ಷಣ ಬಂದೂಕು ಮುರಿಯಬಾರದು, ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಕಿಡಿ ತಡವಾಗಿ ಹತ್ತುವುದುಂಟು. ಹಾಗೆ ಹಾರದೆ ಉಳಿದ ತೋಟಾ ನನ್ನಲ್ಲಿ ಎರಡಿದ್ದವು. ಬಿಚ್ಚಲು ಹೋಗದೆ ಬೇರೆ ಕಾಗದದಲ್ಲಿ ಕಟ್ಟಿ, ಮುಂದಿನ ಸಲ ಅಂಗಡಿಗೆ ಹೋದಾಗ ಅಲ್ಲೇ ಒಪ್ಪಿಸಿ ಬಂದೆ.