ಕಡತದ ಮೇಲಿನ ಒಂದೇ ಪದ

ಟಿಪ್ಪಣಿ ಹಾಳೆಯಲ್ಲಿ, ಅಂದರೆ ಕಡತದ ವಿಷಯ, ನಿಯಮ ಮತ್ತು ಪ್ರಸ್ತಾವಗಳನ್ನು ಕ್ರಮವಾಗಿ ದಾಖಲಿಸುವ ಪುಟಗಳಲ್ಲಿ, ಮೇಲಧಿಕಾರಿಗಳು ‘ಚರ್ಚಿಸಿ’ ಅಥವಾ ‘ಪರಿಶೀಲಿಸಿ ಮಂಡಿಸಿ’ ಎಂದಷ್ಟೇ ಬರೆದು ಹಿಂದಿರುಗಿಸುವುದನ್ನು ನಮಗೆ ಪತ್ರ ಬರೆದ ಸರ್ಕಾರಿ ಕಚೇರಿಯ ಸಹಾಯಕಿಯೊಬ್ಬರು ತಮ್ಮ ಸಾಮರ್ಥ್ಯದ ಮೇಲಿನ ತೀರ್ಪೆಂದು ಭಾವಿಸಿ ನೊಂದಿರುವುದು ಸಹಜವಾದರೂ, ಕಚೇರಿ ಕಾರ್ಯವಿಧಾನದಲ್ಲಿ ಆ ಪದಗಳಿಗೆ ಅಂಥ ಅರ್ಥವಿಲ್ಲ. ಮೊದಲನೆಯದು ಕಡತದೊಡನೆ ಬಂದು ಮಾತನಾಡಬೇಕೆಂಬ ಸೂಚನೆ. ಎರಡನೆಯದು ಪ್ರಸ್ತಾವದಲ್ಲಿ ಯಾವುದೋ ಅಂಶ ಬಿಟ್ಟುಹೋಗಿರಬಹುದೆಂದು, ಅದನ್ನು ನೋಡಿ ಮತ್ತೆ ಮಂಡಿಸಬೇಕೆಂದು ತಿಳಿಸುತ್ತದೆ. ಟಿಪ್ಪಣಿಯು ದಾಖಲೆಯಾಗಿ ಉಳಿಯುವುದರಿಂದಲೂ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಸಾರ್ವಜನಿಕರು ಅದರ ಪ್ರತಿಯನ್ನು ಕೋರಬಹುದಾದ್ದರಿಂದಲೂ, ಇನ್ನೂ ಖಚಿತವಾಗದ ಅಭಿಪ್ರಾಯವನ್ನು ಬರಹಕ್ಕಿಳಿಸಲು ಅನೇಕ ಅಧಿಕಾರಿಗಳು ಹಿಂಜರಿಯುತ್ತಾರೆ.

ಆದುದರಿಂದ ಕಡತವು ಮರಳಿದಾಗ ಇಡೀ ಟಿಪ್ಪಣಿಯನ್ನು ಆತುರದಿಂದ ತಿದ್ದಿ ಬರೆಯದೆ, ಅನ್ವಯವಾಗುವ ನಿಯಮ, ಪೂರ್ವನಿದರ್ಶನ ಎನಿಸಿಕೊಳ್ಳುವ ಹಿಂದಿನ ಇಂಥದೇ ಪ್ರಕರಣದ ನಿರ್ಣಯ, ಅಗತ್ಯವಿದ್ದಲ್ಲಿ ಆರ್ಥಿಕ ಇಲಾಖೆಯ ಸಹಮತಿ, ಇವುಗಳಲ್ಲಿ ಯಾವುದು ಕಾಣುತ್ತಿಲ್ಲವೆಂದು ಮೊದಲು ತಾವೇ ನೋಡಿ, ಅನಂತರ ಶಾಖಾಧಿಕಾರಿಗಳನ್ನು ‘ಎರಡನೇ ಕಂಡಿಕೆಯಲ್ಲಿ ಉಲ್ಲೇಖಿಸಿದ ಆದೇಶ ಈ ಪ್ರಕರಣಕ್ಕೆ ಅನ್ವಯಿಸುವುದೇ’ ಎಂಬಂತೆ ನಿರ್ದಿಷ್ಟವಾಗಿ ಕೇಳಿದರೆ ಒಂದೇ ಮಾತಿನ ಉತ್ತರವೂ ಸಾಕಾಗುತ್ತದೆ. ಚರ್ಚೆಯ ಬಳಿಕ ‘ಚರ್ಚಿಸಿದಂತೆ’ ಎಂದು ಆರಂಭಿಸಿ, ಆಗಿರುವ ಮಾರ್ಪಾಡನ್ನು ದಾಖಲಿಸಿ ಮರುಮಂಡಿಸುವುದನ್ನು ಎಂದಿಗೂ ಬಿಡಬಾರದು. ಬಿಟ್ಟರೆ ಬಾಯಿಮಾತಿನ ಸೂಚನೆಯ ಹೊಣೆ ಕೆಳಹಂತದ ನೌಕರರ ಮೇಲೆಯೇ ಬೀಳುತ್ತದೆ.

ಇಷ್ಟಾದರೂ, ಕೇಳಿದ ಮೇಲೂ ಕಾರಣ ತಿಳಿಸದೆ ಕಡತವನ್ನು ಪದೇ ಪದೇ ಹಿಂದಿರುಗಿಸುವುದನ್ನು ಸಂಕ್ಷಿಪ್ತತೆಯ ಹೆಸರಿನಲ್ಲಿ ಸಮರ್ಥಿಸಲಾಗದು, ಏಕೆಂದರೆ ಅದರ ಹಿಂದೆ ಪಿಂಚಣಿಗೋ ಪರಿಹಾರಕ್ಕೋ ಕಾಯುವ ಅರ್ಜಿದಾರರಿರುತ್ತಾರೆ. ಅಂಥ ಸಂದರ್ಭದಲ್ಲಿ ಯಾವ ಅಂಶದ ಮೇಲೆ ಆದೇಶ ಬೇಕೆಂಬುದನ್ನು ಮರುಮಂಡನೆಯ ಟಿಪ್ಪಣಿಯಲ್ಲಿಯೇ ವಿನಯದಿಂದ, ಸ್ಪಷ್ಟವಾಗಿ ಕೋರಲು ಸಹಾಯಕಿಯವರು ಅಂಜಬೇಕಾಗಿಲ್ಲ.