ನಾಣ್ಯಗಳಲ್ಲಿ ಟಂಕಸಾಲೆಯ ಗುರುತು

ನಾಣ್ಯದ ಬೆಲೆಯೂ ಇಸವಿಯೂ ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಅದು ಯಾವ ಊರಿನಲ್ಲಿ ಅಚ್ಚಾಯಿತೆಂಬುದನ್ನು ತಿಳಿಸುವುದು ಸಾಮಾನ್ಯವಾಗಿ ಇಸವಿಯ ಕೆಳಗಿರುವ ಒಂದು ಕಿರುಚಿಹ್ನೆ. ಅದೇ ಟಂಕಸಾಲೆಯ ಗುರುತು.

ಭಾರತ ಸರ್ಕಾರದ ಟಂಕಸಾಲೆಗಳು ನಾಲ್ಕು. ಮುಂಬಯಿಯ ನಾಣ್ಯಕ್ಕೆ ವಜ್ರಾಕೃತಿ, ಹೈದರಾಬಾದಿನದಕ್ಕೆ ಐದು ಮೂಲೆಯ ನಕ್ಷತ್ರ, 1988ರಲ್ಲಿ ಕೆಲಸ ಆರಂಭಿಸಿದ ನೋಯ್ಡಾದ ನಾಣ್ಯಕ್ಕೆ ದುಂಡು ಚುಕ್ಕೆ. ಹೈದರಾಬಾದಿನ ಕೆಲವು ಹಳೆಯ ನಾಣ್ಯಗಳಲ್ಲಿ ನಡುವೆ ಸೀಳಿದ ವಜ್ರವೂ ಉಂಟು. ಕಲ್ಕತ್ತೆಯ ನಾಣ್ಯಕ್ಕೆ ಯಾವ ಚಿಹ್ನೆಯೂ ಇಲ್ಲ. ಇಲ್ಲದಿರುವುದೇ ಅದರ ಗುರುತು. 1985ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚಾದ ಒಂದು ರೂಪಾಯಿಯ ನಾಣ್ಯದಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರವನ್ನು ಕಾಣಬಹುದು.

ಇಲ್ಲಿಯೇ ಅಭ್ಯಾಸಿಯು ಎಚ್ಚರದಿಂದಿರಬೇಕು. ಸವೆದ ವಜ್ರವು ಮೂಲೆಗಳನ್ನು ಕಳೆದುಕೊಂಡು ಚುಕ್ಕೆಯಂತೆ ತೋರುವುದು. ಆಗ ಇಸವಿಯೇ ಸಾಕ್ಷಿ: 1975ರ ನಾಣ್ಯದಲ್ಲಿ ಚುಕ್ಕೆ ಕಂಡರೂ ಅದು ನೋಯ್ಡಾದ್ದಾಗಲಾರದು. ಹಾಗೆಯೇ, ಚಿಹ್ನೆ ಕಾಣದ ಮಾತ್ರಕ್ಕೆ ನಾಣ್ಯವು ಕಲ್ಕತ್ತೆಯದೆಂದು ನಿರ್ಧರಿಸಲಾಗದು. ಇಸವಿಯ ಅಂಕಿಗಳು ಚೂಪಾಗಿದ್ದು, ಅವುಗಳ ಸುತ್ತಲಿನ ಜಾಗವು ಸವೆಯದೆ ಬರಿದಾಗಿದ್ದರೆ ಮಾತ್ರ ಆ ನಿರ್ಣಯ ಸಲ್ಲುವುದು. ಅಂಕಿಗಳೇ ಮಾಸಿದ್ದರೆ ‘ಗುರುತು ಅಸ್ಪಷ್ಟ’ ಎಂದು ಬರೆದಿಡುವುದೇ ಪ್ರಾಮಾಣಿಕತೆ.

ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಭೂತಗನ್ನಡಿಯಿಂದ ನೋಡಬೇಕು. ಹುಣಸೆಹಣ್ಣು ಹಚ್ಚಿ ಬೂದಿಯಿಂದ ತಿಕ್ಕುವುದು ಸಲ್ಲದು. ಕಿಲುಬಿನ ಕೆಳಗೆ ಗುರುತು ಉಳಿದಿರಬಹುದು. ತಿಕ್ಕಿ ಅಳಿಸಿದ ಗುರುತು ಮರಳಿ ಬಾರದು. ಹೊಳಪು ನಾಣ್ಯಕ್ಕೆ ಅಲಂಕಾರ. ಗುರುತು ಅದರ ಇತಿಹಾಸ.