ಥಿನ್ನರಿಗೆ ನೀರಿನ ಬಾಟಲಿ ಬೇಡ

ಮನೆಯಲ್ಲಿ ಮದುವೆ ಗೊತ್ತಾಗಿದೆ. ಮುಂಬಾಗಿಲು, ಕಿಟಕಿ, ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲು ಎಲ್ಲಕ್ಕೂ ಪಾಲಿಶ್ ಮಾಡಿಸಿದ್ದೀರಿ. ಕೆಲಸ ಮುಗಿಸಿದ ಬಡಿಗೇರರು ಉಳಿದ ಥಿನ್ನರನ್ನು ಚೆಲ್ಲಲು ಮನಸ್ಸಾಗದೆ ಖಾಲಿ ನೀರಿನ ಬಾಟಲಿಗೆ ಸುರಿದು, "ಇಟ್ಕೋರ್ರಿ ಅಕ್ಕಾರ, ಮುಂದ ಬೇಕಾಗತೈತಿ" ಎಂದು ಕೊಟ್ಟು ಹೋಗುತ್ತಾರೆ. ನೀವು ಅದನ್ನು ಗೋಡೆಯ ಮಾಡದಲ್ಲಿ ಇಟ್ಟು ಮರೆಯುತ್ತೀರಿ.

ಬಾಟಲಿಯಲ್ಲಿ ಏನಿದೆ ಎಂಬುದು ನಿಮಗೆ ಗೊತ್ತು, ಮನೆಗೆ ಬಂದವರಿಗೆ ಗೊತ್ತಿಲ್ಲ. ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ನೆಂಟರು, ಅಕ್ಟೋಬರ್ 23ರಂದು ಆರಂಭವಾಗುವ ಕಿತ್ತೂರು ಉತ್ಸವ ನೋಡಲು ಬಂದ ಮಕ್ಕಳು ನಿಮ್ಮ ಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಬಾಯಾರಿದವರು ಬಾಟಲಿಯ ಆಕಾರ ನೋಡಿ ಎತ್ತಿ ಕುಡಿಯುತ್ತಾರೆ. ಎರಡು ವರ್ಷದ ಮಗುವಿಗಂತೂ ಮೇಲೆ ಬರೆದ ಚೀಟಿಯನ್ನು ಓದಲು ಬಾರದು.

ಅಪಾಯ ಏನು?

ಟರ್ಪಂಟೈನ್, ಥಿನ್ನರ್‌ಗಳು ನೀರಿನಂತೆ ತೆಳುವಾದ ದ್ರವಗಳು. ಮಗು ಒಂದು ಗುಟುಕು ಕುಡಿದು ಕೆಮ್ಮಿದರೆ ಸಾಕು, ಕೆಲವು ಹನಿಗಳು ಶ್ವಾಸನಾಳಕ್ಕೆ ಇಳಿಯುತ್ತವೆ. ಅಲ್ಲಿಂದ ಪುಪ್ಪುಸದ ತುಂಬ ಹರಡಿ ಉರಿಯೂತ ಉಂಟುಮಾಡುತ್ತವೆ. ಚಿಮಣಿ ಎಣ್ಣೆ ಕುಡಿದ ಮಕ್ಕಳಲ್ಲಿ ಆಗುವುದೂ ಇದೇ. ಥಿನ್ನರಿನಲ್ಲಿರುವ ಟೊಲುವಿನ್‌ನಂಥ ದ್ರಾವಕಗಳು ಮಿದುಳಿಗೆ ಮಂಕು ಕವಿಸಿ ಎಚ್ಚರ ತಪ್ಪಿಸಬಲ್ಲವು. ಫ್ರೆಂಚ್ ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಮೆಥನಾಲ್ ಬೆರೆತಿದ್ದರೆ ಕಣ್ಣಿನ ನರಕ್ಕೇ ಪೆಟ್ಟು ಬೀಳಬಹುದು.

ಬೆಂಕಿಯ ಭಯವೂ ಉಂಟು. ಈ ದ್ರವಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಒಲೆಯನ್ನೋ ದೇವರ ಮುಂದಿನ ದೀಪವನ್ನೋ ಮುಟ್ಟಬಲ್ಲದು.

ಯಾವ ಡಬ್ಬಿ ಯೋಗ್ಯ?

1. ಅಂಗಡಿಯಿಂದ ತಂದ ಮೂಲ ಡಬ್ಬಿಯೇ ಎಲ್ಲಕ್ಕಿಂತ ಉತ್ತಮ. ಹೆಸರು, ಎಚ್ಚರಿಕೆ ಎರಡೂ ಅದರ ಮೇಲೆಯೇ ಇರುತ್ತವೆ. ಸಣ್ಣ ಕೆಲಸಕ್ಕೆ ಸಣ್ಣ ಡಬ್ಬಿಯನ್ನೇ ಕೊಂಡರೆ ಉಳಿಯುವ ಪ್ರಶ್ನೆಯೇ ಬಾರದು.

2. ಮೂಲ ಡಬ್ಬಿ ತೂತಾಗಿದ್ದರೆ ಅದೇ ದ್ರವ ಇದ್ದ, ಬಿಗಿಯಾದ ತಿರುಪಿನ ಮುಚ್ಚಳವಿರುವ ತಗಡಿನ ಡಬ್ಬಿ ಬಳಸಿರಿ. ಕಂಠಮಟ್ಟ ತುಂಬಬೇಡಿ. ಬೇಸಿಗೆಯ ಬಿಸಿಲಿಗೆ ದ್ರವ ಹಿಗ್ಗುತ್ತದೆ. ಎರಡು ಬೆರಳಿನಷ್ಟು ಜಾಗ ಬಿಡಿ.

3. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ಬರಿಯ ಕಬ್ಬಿಣದ ಡಬ್ಬಿಯಲ್ಲಿ ಕಪ್ಪಾಗುತ್ತದೆ. ಅದಕ್ಕೆ ದಪ್ಪ ಗಾಜಿನ ಸೀಸೆ ಸರಿ. ಆದರೆ ಅದು ಔಷಧಿಯ ಸೀಸೆಯೂ ಆಗಿರಬಾರದು, ಉಪ್ಪಿನಕಾಯಿಯ ಜಾಡಿಯೂ ಆಗಿರಬಾರದು.

4. ನೀರಿನ ಮತ್ತು ತಂಪು ಪಾನೀಯದ ಬಾಟಲಿ, ಅಡುಗೆ ಎಣ್ಣೆಯ ಕ್ಯಾನು, ಮನೆಯ ತಂಬಿಗೆ, ಲೋಟ ಇವು ಖಂಡಿತ ಬೇಡ. ಥಿನ್ನರಿನ ಕೆಲವು ಅಂಶಗಳು ತೆಳು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಿ ಸೀಳಿಸುತ್ತವೆ. ಥರ್ಮೋಕೋಲ್ ಕಪ್ ಅಂತೂ ನೋಡುತ್ತಿದ್ದಂತೆಯೇ ಕರಗುತ್ತದೆ.

5. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ವಿಷ, ಕುಡಿಯಬಾರದು" ಎಂದು ಬರೆದು, ಬೀಗವಿರುವ ಕಪಾಟಿನಲ್ಲಿ, ಅಡುಗೆ ಮನೆಯಿಂದ ದೂರ ಇಡಿ.

ಅಗಸಿ ಚಟ್ನಿ ನಮ್ಮ ಭಾಗದ ಊಟದ ರುಚಿ. ಆದರೆ ಮರಕ್ಕೆ ಹಚ್ಚಲು ಮಾರುವ ಕುದಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಅದು ತಿನ್ನುವ ಎಣ್ಣೆಯಲ್ಲ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಬಿಸಿಯಾಗಿ, ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂಟಿ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಕುಂಚ ತೊಳೆದ ಥಿನ್ನರನ್ನು ಗಟಾರಕ್ಕೂ ಬಾವಿಯ ಬದಿಗೂ ಚೆಲ್ಲಬೇಡಿ. ಸವದತ್ತಿ, ರಾಮದುರ್ಗದ ಜನಕ್ಕೆ ಮಲಪ್ರಭೆಯ ನೀರಿನ ಬೆಲೆ ಬೇರೆ ಹೇಳಬೇಕಿಲ್ಲ. ಡಬ್ಬಿಯನ್ನು ಮುಚ್ಚಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ; ಮೇಲಿನ ತಿಳಿಯನ್ನು ಮತ್ತೆ ಕುಂಚ ತೊಳೆಯಲು ಬಳಸಬಹುದು.

ಕುಡಿದುಬಿಟ್ಟರೆ?

ವಾಂತಿ ಮಾಡಿಸಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಗಂಟಲಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ಅನೇಕ ಮನೆಗಳ ಮೊದಲ ಯೋಚನೆ. ಆದರೆ ಮೇಲೆ ಬರುವಾಗ ದ್ರವ ಮತ್ತೊಮ್ಮೆ ಪುಪ್ಪುಸಕ್ಕೆ ಇಳಿಯುತ್ತದೆ. ಹಾಲು, ಮಜ್ಜಿಗೆ, ಎಣ್ಣೆ ಯಾವುದನ್ನೂ ಕುಡಿಸಬೇಡಿ. ದ್ರವ ತಾಗಿದ ಬಟ್ಟೆ ತೆಗೆದು ಮೈಯನ್ನು ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ.

ಕೂಡಲೇ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್ ದೂರ. ದೊಡ್ಡ ಆಸ್ಪತ್ರೆಯೇ ಬೇಕೆಂದು ಹೊತ್ತು ಕಳೆಯದೆ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಕುಡಿದ ದ್ರವದ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದರಿಂದ ತುಂಬ ಸಹಾಯವಾಗುತ್ತದೆ.

"ಮಗು ಆಡಿಕೊಂಡೇ ಇದೆಯಲ್ಲ" ಎಂದು ಸುಮ್ಮನಿರಬೇಡಿ. ಕೆಮ್ಮು, ಏದುಸಿರು, ಜ್ವರ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ವೈದ್ಯರು ಮಗು ಚೆನ್ನಾಗಿ ಕಂಡರೂ ಆರು ಗಂಟೆಯಾದರೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಈ ಪತ್ರಿಕೆ ಮಡಚಿಡುವ ಮುನ್ನ ಎದ್ದು ಹೋಗಿ ನಿಮ್ಮ ಮನೆಯ ಮಾಡ, ಅಟ್ಟ, ಮಂಚದ ಕೆಳಗೆ ಒಮ್ಮೆ ನೋಡಿರಿ. ಕುಡಿಯಬಾರದ್ದು ಕುಡಿಯುವ ಬಾಟಲಿಯಲ್ಲಿದ್ದರೆ ಅದನ್ನು ಇಂದೇ ಅಲ್ಲಿಂದ ತೆಗೆಯಿರಿ. ಮುಂದಿನ ಬಾರಿ ಬಡಿಗೇರರು ಖಾಲಿ ಬಾಟಲಿ ಕೇಳಿದಾಗ ನಯವಾಗಿಯೇ ಹೇಳಿರಿ: "ಬಾಟಲಿ ಬ್ಯಾಡ್ರಿ, ಅದರ ಡಬ್ಬಿಯೊಳಗ ಇರಲಿ."